ಕರಿ ಐದು

ಪರದೆಯ ಮೇಲೆ ಅಕ್ಕ ಇನ್ನೂ ಬಾಯಿ ತೆರೆದಿರಲಿಲ್ಲ. ಹಾರ್ಮೋನಿಯಂ ಪೇಟಿಯ ಮೊದಲ ಸ್ವರ ಕೇಳಿಸಿತು. ಕರಿ ಐದು. ಹಾಗಾದರೆ ಅಕ್ಕ ನನ್ನ ಮಾತನ್ನು ನಂಬಿಬಿಟ್ಟಿದ್ದರು.

ಸೇಡಂನ ಟಾಕೀಸಿನಲ್ಲಿ ಆ ಭಾನುವಾರ ಮಧ್ಯಾಹ್ನ ಕುರ್ಚಿ ಸಾಲದೆ ಜನ ನಡುವಿನ ದಾರಿಯಲ್ಲೂ ಚಾಪೆ ಹಾಸಿಕೊಂಡು ಕೂತಿದ್ದರು. ಬೆಂಗಳೂರಿನ ದೊಡ್ಡ ರಂಗಮಂದಿರದಲ್ಲಿ ನಡೆಯುವ ನಾಟಕವನ್ನು ಅದೇ ಗಳಿಗೆಗೆ ನಮ್ಮ ಕಡೆಯ ಟಾಕೀಸುಗಳಲ್ಲಿ ತೋರಿಸುವ ಏರ್ಪಾಟು ಆಗಿತ್ತು. ನಾಟಕ ನಮ್ಮದೇ. ನಮ್ಮ ಕಂಪನಿ ಈ ಸೀಮೆಯ ಊರೂರಲ್ಲಿ ಟೆಂಟು ಹಾಕಿ ನಲವತ್ತು ವರ್ಷ ಆಡಿದ ಸಂಗೀತ ನಾಟಕ. ಕಂಪನಿ ಮುಚ್ಚಿ ಕೆಲವು ವರ್ಷಗಳಾದ ಮೇಲೆ ಬೆಂಗಳೂರಿನ ಒಂದು ಸಂಸ್ಥೆಯವರು ಅದನ್ನು ಕೊನೆಯದಾಗಿ ಒಂದು ಸಲ ಆಡಿಸುತ್ತಿದ್ದರು. ಹಿರಿಸೊಸೆಯ ಪಾರ್ಟು ಅಕ್ಕನದೇ. ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಕಂಪನಿಯ ನಾಯಕಿ, ನನಗಿಂತ ಎರಡು ವರ್ಷಕ್ಕೆ ದೊಡ್ಡವರು, ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಆ ನಲವತ್ತು ವರ್ಷವೂ ಅವರ ಹಾಡಿಗೆ ಕಾಲಪೇಟಿ ತುಳಿದು ನುಡಿಸಿದವನು ನಾನು. ಅವತ್ತು ಮಾತ್ರ ವಾಡಿಯಿಂದ ರೈಲು ಹತ್ತಿ ಬಂದು, ಟಾಕೀಸಿನ ಮೊದಲ ಸಾಲಿನ ನಟ್ಟನಡುವೆ ಹೆಂಡತಿಯ ಪಕ್ಕದಲ್ಲಿ ಕೂತಿದ್ದೆ.

ಪೇಟಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹಾಡುವವರು ಪೇಟಿಯಲ್ಲಿ ಬೆರಳಿಡುವ ಪಟ್ಟಿಗಳಲ್ಲಿ ತಮ್ಮ ಗಂಟಲಿಗೆ ಹೊಂದುವ ಒಂದನ್ನು 'ಸಾ' ಎಂದು ಹಿಡಿದುಕೊಳ್ಳುತ್ತಾರೆ. ಅದು ಕರಿಯದೂ ಇರಬಹುದು, ಬಿಳಿಯದೂ ಇರಬಹುದು. ಕರಿ ಐದು ಎಂದರೆ ಎತ್ತರದ್ದು. ಇಪ್ಪತ್ತೈದರ ವಯಸ್ಸಿನಲ್ಲಿ ಅಕ್ಕ ಅದರ ಮೇಲೆ ನಿಂತು, ಮೂರನೆಯ ಅಂಕದ ಕೀಲಿಕೈ ಪದವನ್ನು ನಗುನಗುತ್ತ ಹಾಡಿ ಜನರನ್ನು ಅಳಿಸುತ್ತಿದ್ದರು. ಕಳವಿನ ಆರೋಪ ಹೊತ್ತ ಹಿರಿಸೊಸೆ ಸೊಂಟದ ಕೀಲಿಕೈ ಗೊಂಚಲನ್ನು ಬಿಚ್ಚಿ ಅತ್ತೆಯ ಮುಂದಿಟ್ಟು ಮನೆ ಬಿಟ್ಟು ಹೋಗುವಾಗಿನ ಪದ ಅದು. ಅರ್ಧಕ್ಕೆ ಬಂದ ಮೇಲೆ ಮೇಲಿನ ಸಾ ದಾಟಿ ಇನ್ನೂ ಹತ್ತಬೇಕು. ನಮ್ಮ ನಾಟಕಕ್ಕೆ ಬರುವವರು ಬರುತ್ತಿದ್ದದ್ದೇ ಆ ಪದಕ್ಕೆ.

ವಯಸ್ಸು ಯಾರ ಮಾತು ಕೇಳೀತು. ಚಿಂಚೋಳಿಯ ಕ್ಯಾಂಪಿನಲ್ಲಿ ಒಮ್ಮೆ ಅಕ್ಕನಿಗೆ ಜ್ವರ ಬಂದಿತ್ತು, ಗಂಟಲು ಕಟ್ಟಿತ್ತು. ನಾನು ಯಾರಿಗೂ ಹೇಳದೆ ಪೇಟಿಯನ್ನು ಒಂದು ಪಟ್ಟಿ ಇಳಿಸಿ, ಕರಿ ಐದರ ಪಕ್ಕದಲ್ಲೇ ಕೆಳಗಿರುವ ಬಿಳಿ ಆರಕ್ಕೆ ಹಿಡಿದೆ. ಒಂದು ದಿನಕ್ಕೆ ಎಂದುಕೊಂಡಿದ್ದೆ. ಜ್ವರ ಹೋಯಿತು, ನಾನು ಮೇಲೆ ಹೋಗಲಿಲ್ಲ. ಅವರ ಮುಖದಲ್ಲಿ ಆ ಇಳಿದ ಸ್ವರದ ಸುಖ ಕಂಡಿದ್ದೆ. ಆಮೇಲೆ ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ಧೂಳಿಗೆ ಮೂರು ವಾರ ಕೆಮ್ಮಿದರು, ಇನ್ನೊಂದು ಪಟ್ಟಿ ಇಳಿಯಿತು. ಹೀಗೇ ಅಲ್ಲಿ ಇಲ್ಲಿ ಇಳಿದು ಇಳಿದು, ಕಂಪನಿ ಮುಚ್ಚುವ ಹೊತ್ತಿಗೆ ನಾವು ಬಿಳಿ ನಾಲ್ಕಕ್ಕೆ ಬಂದಿದ್ದೆವು. ಕರಿ ಬಿಳಿ ಎರಡೂ ಎಣಿಸಿದರೆ ಐದು ಮೆಟ್ಟಿಲು. ತಬಲಾದವನಿಗೆ ಮಾತ್ರ ಗೊತ್ತಿತ್ತು. ನಾನು ಕಣ್ಸನ್ನೆ ಮಾಡಿದರೆ ಅವನು ಸುತ್ತಿಗೆ ಎತ್ತಿ ತಬಲಾ ಇಳಿಸುತ್ತಿದ್ದ. ಅವನು ಈಗ ಇಲ್ಲ. ಅಕ್ಕನಿಗೆ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಇವತ್ತಿಗೂ ಕರಿ ಐದಕ್ಕೇ ಹಾಡುತ್ತೇನೆ ಎಂದು ತಿಳಿದಿದ್ದಾರೆ, ತಿಳಿದಿರಲಿ, ಎಂದುಕೊಂಡಿದ್ದೆ.

ಅವತ್ತು ನಾನು ಬೆಂಗಳೂರಿನಲ್ಲಿ ಇರದೆ ಸೇಡಂನಲ್ಲಿ ಇದ್ದದ್ದಕ್ಕೆ ಕಾರಣ ನನ್ನ ಮೂಗಿನ ತುದಿಯ ಸಿಟ್ಟು. ಸಂಸ್ಥೆಯವರು ಒಂದು ಪತ್ರ ಬರೆದಿದ್ದರು. ತಾವು ಹಿರಿಯರು, ತಮಗೆ ತೊಂದರೆ ಕೊಡಬಾರದೆಂದು ಸಂಗೀತ ಕಾಲೇಜಿನಲ್ಲಿ ಕಲಿಸುವ ಒಬ್ಬರನ್ನು ಪೇಟಿಗೆ ಗೊತ್ತು ಮಾಡಿದ್ದೇವೆ, ತಾವು ಅತಿಥಿಯಾಗಿ ಬಂದು ಹರಸಬೇಕು ಎಂದು. ಹರಸಲಿಕ್ಕೆ ನಾನೇನು ಮಠದ ಸ್ವಾಮಿಯೇ? ನಲವತ್ತು ವರ್ಷ ತುಳಿದ ಕಾಲಿಗೆ ತೊಂದರೆ ಆಗುತ್ತದೆ ಎಂದು ಇವರಿಗೆ ಯಾರು ಹೇಳಿದರು? ಪತ್ರವನ್ನು ನಾಲ್ಕು ತುಂಡು ಮಾಡಿ ಒಲೆಗೆ ಹಾಕಿದೆ. ಹೆಂಡತಿ ಒಲೆಯ ಮುಂದೆಯೇ ಇದ್ದಳು. "ಛಲೋ ಆತು, ಚಹಾ ಲಗೂನ ಕುದೀತದ," ಎಂದಳು.

ಅಕ್ಕ ಮೂರು ಸಲ ಫೋನು ಮಾಡಿದರು. ಮೊದಲನೆಯ ಸಲ, ನೀವು ಬರ್ರಿ, ನಾ ಅವರಿಗಿ ಹೇಳ್ತೀನಿ ಎಂದರು. ಒಬ್ಬರು ಹೇಳಿ ಹಾಕಿಸಿದ ಎಲೆಯಲ್ಲಿ ನಾನು ಉಣ್ಣುವುದಿಲ್ಲ ಎಂದೆ. ಎರಡನೆಯ ಸಲ ಎತ್ತಲೇ ಇಲ್ಲ. ಮೂರನೆಯ ಸಲ ಎತ್ತಿದೆ. ಆ ದಿನ ಅವರ ದನಿ ಸಣ್ಣದಿತ್ತು.

"ಮಾಸ್ತರ, ಪೇಟಿಯವರು ಸ್ವರ ಕೇಳಲಿಕತ್ತಾರ. ಏನ್ ಹೇಳಲಿ? ಕರಿ ಐದ ಅಲ್ಲೇನ್ರಿ ನಂದು?"

ಅಲ್ಲಿ ಒಂದು ಗಳಿಗೆ ಸಿಕ್ಕಿತ್ತು. ಬಿಳಿ ನಾಲ್ಕು ಅಂತ ಹೇಳ್ರಿ ಅಕ್ಕಾರ, ಅಷ್ಟೇ ಸಾಕಿತ್ತು. ನನ್ನೊಳಗಿನ ಹೊಲಸು ಬುದ್ಧಿ ಅಂದದ್ದು ಬೇರೆ: ಹೋಗಲಿ, ಕಾಲೇಜಿನ ಪೇಟಿಯವನು ನುಡಿಸಲಿ, ನಾನು ಇಲ್ಲದಿದ್ದರೆ ಏನಾಗುತ್ತದೆ ಎಂದು ಎಲ್ಲರಿಗೂ ತಿಳಿಯಲಿ.

"ಹೌದ್ರಿ ಅಕ್ಕಾರ," ಎಂದೆ.

ಈಗ ಆ ಎಲ್ಲರಿಗೂ ತಿಳಿಯುವ ಹೊತ್ತು ಬಂದಿತ್ತು, ಮತ್ತು ನಾನು ಮೊದಲ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಎಡಕ್ಕೆ ಹನ್ನೆರಡು ಜನ, ಬಲಕ್ಕೆ ಹನ್ನೆರಡು ಜನ, ಅದರಾಚೆ ಚಾಪೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತ ಹೆಂಗಸರು. ಎದ್ದು ಹೋಗಿ ಮಾಡುವುದಾದರೂ ಏನು?

ಪರದೆಯಲ್ಲಿ ಅಕ್ಕ ಮೊದಲ ಅಂಕದ ಪದ ಎತ್ತಿಕೊಂಡರು. ಅದು ಸಣ್ಣ ಪದ, ಹೆಚ್ಚು ಎತ್ತರಕ್ಕೆ ಹೋಗುವುದಿಲ್ಲ, ದಾಟಿಕೊಂಡರು. ಪೇಟಿಯವನ ಬೆರಳಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಕೆಟ್ಟದಾಗಿ ನುಡಿಸಿದ್ದರೆ ನನಗೆ ಎಷ್ಟೋ ಸಮಾಧಾನ ಇರುತ್ತಿತ್ತು. ಆದರೆ ಅವನನ್ನು ಮೂಲೆಗೆ ಕೂಡಿಸಿದ್ದರು. ಟೆಂಟಿನಲ್ಲಿ ಪೇಟಿಯ ಜಾಗ ರಂಗದ ಮುಂದಿನ ತಗ್ಗು, ನಟ್ಟನಡುವೆ. ಅಲ್ಲಿ ಕೂತು ನಾನು ಅಕ್ಕನ ಗದ್ದ ನೋಡುತ್ತಿದ್ದೆ. ಉಸಿರು ಕಡಿಮೆ ಬಿದ್ದರೆ ಗದ್ದ ಮೇಲೇಳುತ್ತದೆ, ಆಗ ನಾನು ಪೇಟಿಯ ದನಿ ದೊಡ್ಡದು ಮಾಡಿ ಸಾಲನ್ನು ನನ್ನ ಮೇಲೆ ಹೊತ್ತುಕೊಳ್ಳುತ್ತಿದ್ದೆ. ಈಗ ಆ ಜಾಗದಲ್ಲಿ ಕ್ಯಾಮರಾ ಇಟ್ಟಿದ್ದರು.

ಪದ ಮುಗಿದದ್ದೇ ತಡ, ಟಾಕೀಸಿನ ಜನ ಎದ್ದು "ಒನ್ಸ್ ಮೋರ್" ಎಂದು ಕೂಗಿದರು. ನಮ್ಮ ಮಂದಿಗೆ ನಾಟಕ ಎಂದರೆ ನಾಟಕವೇ, ಅದು ಬಟ್ಟೆಯ ಮೇಲೆ ಕಂಡರೇನು. ನನ್ನ ಹಿಂದಿನ ಮುದುಕರೊಬ್ಬರು ತಲೆಯ ಪಟಕ ಬಿಚ್ಚಿ ಬೀಸಿದರು. ಪಕ್ಕದವರು ಅವರನ್ನು ಎಳೆದು ಕೂಡಿಸಿ, "ಅಲ್ಲಿಗಿ ಕೇಳಂಗಿಲ್ರಿ ಕಾಕಾ," ಎಂದರು.

"ಕೇಳಂಗಿಲ್ಲಂದ್ರ ಆಕಿ ಮತ್ತ ಯಾಕ ಹಾಡಲಿಕತ್ತಾಳ?" ಎಂದು ಮುದುಕರು ಗೆದ್ದವರಂತೆ ಕೇಳಿದರು.

ನಿಜ, ಅಕ್ಕ ಮತ್ತೆ ಹಾಡುತ್ತಿದ್ದರು. ಬೆಂಗಳೂರಿನ ಸಭೆಯೂ ಕೂಗಿತ್ತು. ಒನ್ಸ್ ಮೋರ್ ಬಂದರೆ ಹಾಡಲೇಬೇಕು, ಅದು ಕಂಪನಿಯ ಧರ್ಮ. ನಾನಿದ್ದಿದ್ದರೆ ಕೂಗು ಏಳುವ ಮೊದಲೇ ಮುಂದಿನ ದೃಶ್ಯಕ್ಕೆ ಬರುವ ಪೇಟಿಯ ಗತ್ ನುಡಿಸಿ ಅದನ್ನು ಮುಚ್ಚಿಬಿಡುತ್ತಿದ್ದೆ. ಅಕ್ಕನ ಗಂಟಲು ಉಳಿಸಲು ಎಷ್ಟು ಸಲ ಹಾಗೆ ಮಾಡಿ ಜನರಿಂದ ಬೈಸಿಕೊಂಡಿದ್ದೇನೋ. ಕಾಲೇಜಿನವನು ಮರ್ಯಾದಸ್ಥ, ಕೈಕಟ್ಟಿ ಕಾದ. ಎರಡನೆಯ ಅಂಕದಲ್ಲೂ ಹಾಗೇ ಆಯಿತು, ಅದೂ ಎರಡು ಸಲ. ಮೂರನೆಯ ಅಂಕಕ್ಕೆ ಇಟ್ಟುಕೊಳ್ಳಬೇಕಾದದ್ದನ್ನು ಅಕ್ಕ ಅಲ್ಲೇ ಖರ್ಚು ಮಾಡುತ್ತಿದ್ದರು. ಕ್ಯಾಮರಾ ಅವರ ಕುತ್ತಿಗೆಯ ಹತ್ತಿರ ಹೋಯಿತು. ಒಂದೊಂದು ನರವೂ ಕಾಣಿಸಿತು. ಇಷ್ಟು ಹತ್ತಿರದಿಂದ ನಾನು ಅವರನ್ನು ಯಾವತ್ತೂ ನೋಡಿರಲಿಲ್ಲ.

"ಯಾಕ್ರಿ, ಫ್ಯಾನಿನ ಕೆಳಗ ಕುಂತು ಬೆವರಲಿಕತ್ತೀರಿ," ಎಂದಳು ಹೆಂಡತಿ.

ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಕರಿ ಐದು, ಬಿಳಿ ನಾಲ್ಕು, ಫೋನಿನಲ್ಲಿ ನಾನು ಹೌದು ಎಂದದ್ದು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸಿಟ್ಟಿನಾಗ ಕೊಯ್ದ ಮೂಗು ಶಾಂತ ಆದಮ್ಯಾಲ ಬರ್ತದೇನ್ರಿ?" ಎಂದಳು. "ಅದೂ ನಿಮ್ಮ ಮೂಗಲ್ಲ, ಆಕಿದು."

ಎರಡನೆಯ ಅಂಕ ಮುಗಿದು ಬೆಳಕು ಬಂತು. ಹದಿನೈದು ನಿಮಿಷದ ಬಿಡುವು. ಅಷ್ಟು ಸಾಕಿತ್ತು. ಹೆಂಡತಿಯ ಫೋನಿನಿಂದ ಅಕ್ಕನಿಗೆ ಹಚ್ಚಿದೆ, ಬಂದ್ ಆಗಿತ್ತು. ಸಂಸ್ಥೆಯವರ ನಂಬರು ಒಲೆಗೆ ಹೋಗಿತ್ತು. ಸೇಡಂನಲ್ಲಿ ಇದನ್ನೆಲ್ಲ ಓಡಾಡಿ ಏರ್ಪಾಟು ಮಾಡಿದವರು ಒಬ್ಬ ನಿವೃತ್ತ ಹೆಡ್ ಮಾಸ್ತರರು. ಅವರ ಹತ್ತಿರ ನಂಬರು ಇದ್ದೇ ಇರುತ್ತದೆ. ಜನರ ಕಾಲು ತುಳಿಯುತ್ತ ಅವರ ಕಡೆ ಹೊರಟೆ. ಅವರೇ ಎದುರು ಬಂದು ನನ್ನ ರಟ್ಟೆ ಹಿಡಿದುಕೊಂಡರು.

"ಬರ್ರಿ ಬರ್ರಿ, ನಿಮ್ಮನ್ನೇ ಹುಡುಕಲಿಕತ್ತೀವಿ. ಸನ್ಮಾನ ಅದ."

"ಸನ್ಮಾನ ಆಮ್ಯಾಲ ಮಾಡ್ರಿ. ಬೆಂಗಳೂರಿನವರ ನಂಬರ್ ಹಚ್ಚಿಕೊಡ್ರಿ, ಅರ್ಜೆಂಟ್ ಅದ."

"ಎರಡ ನಿಮಿಷ, ಎರಡೇ ನಿಮಿಷ," ಎಂದು ನನ್ನನ್ನು ಪರದೆಯ ಮುಂದಕ್ಕೆ ಎಳೆದೊಯ್ದರು.

ನಮ್ಮ ಕಡೆಯ ಎರಡು ನಿಮಿಷ ಎಷ್ಟು ಉದ್ದ ಎಂದು ಕಂಡವರಿಗೆ ಗೊತ್ತು. ಸ್ವಾಗತ, ನನ್ನ ಪರಿಚಯ, ಪರಿಚಯ ಮಾಡಿಕೊಟ್ಟವರ ಪರಿಚಯ. ಶಾಲು, ಹಾರ, ಫೇಟಾ. ಕೊನೆಗೆ ಶಹಾಬಾದಿನಿಂದ ಬಂದ ಕಲ್ಲಿನ ವ್ಯಾಪಾರಿಯೊಬ್ಬರು ನನ್ನ ಎರಡೂ ಕೈ ಚಾಚಿಸಿ, ಒಂದು ಮೊಳ ಉದ್ದದ ನುಣ್ಣನೆಯ ಫರಸಿಕಲ್ಲು ಇಟ್ಟರು. ಅದರ ಮೇಲೆ ಪೇಟಿಯ ಚಿತ್ರ, ಕೆಳಗೆ ನನ್ನ ಹೆಸರು, ಅದರ ಕೆಳಗೆ ಸ್ವರಸೇವಕ ಎಂದು ಕೊರೆದಿತ್ತು. ಎಷ್ಟು ಭಾರವಿತ್ತೆಂದರೆ ಕಿವಿಯ ಮೇಲೆ ಜಾರಿದ ಫೇಟಾ ಸರಿಮಾಡಿಕೊಳ್ಳಲಿಕ್ಕೂ ಕೈ ಬಿಡುವಂತಿರಲಿಲ್ಲ. ಫೋಟೋದವನು ನಗ್ರಿ ಎಂದ. ನಕ್ಕೆ. ಎರಡು ಮಾತು ಆಡ್ರಿ ಎಂದು ಬಾಯಿಗೆ ಮೈಕು ಹಿಡಿದರು.

ಎಲ್ಲವನ್ನೂ ಅಲ್ಲೇ ಹೇಳಿಬಿಡೋಣ ಎನ್ನಿಸಿತು. ನಾನು ಸ್ವರಸೇವಕನಲ್ಲ, ಬಾಯಿಬಿಟ್ಟು ಒಂದು ಸ್ವರ ಹೇಳಲಿಕ್ಕೂ ಆಗದವನು ಎಂದು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. "ಮೂರನೇ ಅಂಕದಾಗ ಅಕ್ಕಾರು ಹಾಡ್ತಾರ, ಎಲ್ಲಾರೂ ಸಮಾಧಾನಲೇ ಕೇಳ್ರಿ," ಎಂದಷ್ಟೇ ಹೇಳಿದೆ. ಚಪ್ಪಾಳೆ ಹೊಡೆದರು.

ಮಾತು ಮುಗಿಯುವ ಹೊತ್ತಿಗೆ ಹೆಡ್ ಮಾಸ್ತರರು ಪಾಪ ನಂಬರು ಹಚ್ಚಿ ನನ್ನ ಕಿವಿಗೆ ಹಿಡಿದರು. ಆ ಕಡೆ ಬೆಂಗಳೂರಿನ ಕನ್ನಡ.

"ಹೇಳಿ ಸರ್, ಬೇಗ ಹೇಳಿ, ಇನ್ನೇನು ಶುರುವಾಗುತ್ತೆ."

"ಪೇಟಿ ನುಡಿಸೋರಿಗಿ ಬಿಳಿ ನಾಕಕ್ಕ ಇಳೀಲಿಕ್ಕ ಹೇಳ್ರಿ. ಅಕ್ಕಾರಿಗಿ ಕರಿ ಐದ ಆಗಂಗಿಲ್ಲ."

"ಬಿಳಿ ನಾಲ್ಕಾ? ಅದೇನು ಸರ್, ಸೀಟ್ ನಂಬರಾ?"

ಬಿಡಿಸಿ ಹೇಳುವಷ್ಟರಲ್ಲಿ ಅಲ್ಲಿ ಗಂಟೆ ಬಾರಿಸಿದರು. ಅದೇ ಗಂಟೆ ನಮ್ಮ ಪರದೆಯಿಂದಲೂ ಕೇಳಿಸಿತು. ಫೋನು ಕಟ್ಟಾಯಿತು, ದೀಪ ಆರಿದವು. ನಾಲ್ಕು ಜನ ಸೇರಿ ನನ್ನನ್ನೂ ಕಲ್ಲನ್ನೂ ಮತ್ತೆ ಆ ನಡುವಿನ ಕುರ್ಚಿಗೆ ತಂದು ಕೂಡಿಸಿದರು. ಕಲ್ಲು ತೊಡೆಯ ಮೇಲೆ ಉಳಿಯಿತು. ಕೆಳಗಿಡಲು ಜಾಗವಿರಲಿಲ್ಲ, ಕಾಲ ಬಳಿ ಯಾರದೋ ಕೂಸು ಮಲಗಿತ್ತು.

ಮೂರನೆಯ ಅಂಕದ ಒಂದೊಂದು ಮಾತನ್ನೂ ನಾನು ಎಣಿಸುತ್ತಿದ್ದೆ. ಮಾತುಗಳೆಲ್ಲ ನನಗೆ ಬಾಯಿಪಾಠ. ಇನ್ನು ಮೈದುನ ಬರುತ್ತಾನೆ, ಇನ್ನು ಅತ್ತೆ ಕಳ್ಳಿ ಎನ್ನುತ್ತಾಳೆ, ಇನ್ನು ಅಕ್ಕ ಸೊಂಟಕ್ಕೆ ಕೈ ಹಾಕುತ್ತಾರೆ. ಕೈ ಹಾಕಿದರು. ಕೀಲಿಕೈ ಗೊಂಚಲು ನೆಲಕ್ಕೆ ಬಿದ್ದ ಸಪ್ಪಳಕ್ಕೆ ಟಾಕೀಸಿನಲ್ಲಿ ಹೆಂಗಸರು ಮೂಗು ಒರೆಸಿಕೊಳ್ಳಲು ಶುರುಮಾಡಿದರು. ಪೇಟಿ ಕರಿ ಐದಕ್ಕೆ ನಿಂತಿತ್ತು.

ಮೊದಲ ಎರಡು ಸಾಲು ಬಂದವು. ನನ್ನ ಬೆರಳು ಕಲ್ಲಿನ ಮೇಲೆ ಓಡುತ್ತಿದ್ದವು, ಕಾಲು ಇಲ್ಲದ ಪೇಟಿ ತುಳಿಯುತ್ತಿತ್ತು. ಮೂರನೆಯ ಸಾಲಿನಲ್ಲಿ ಅಕ್ಕ ಮೇಲಿನ ಸಾ ಮುಟ್ಟಿದರು. ಮುಟ್ಟಿದರು, ಸುಳ್ಳಲ್ಲ. ಅದರಾಚೆಗೆ ಕಾಲಿಡುವಾಗ ಗದ್ದ ಮೇಲೆದ್ದಿತು, ದನಿ ಎರಡಾಗಿ ಸೀಳಿತು, ನಿಂತುಹೋಯಿತು.

ಪೇಟಿಯವನು, ದೊಡ್ಡವರು ನಿಂತ ಮೇಲೆ ನುಡಿಸಬಾರದು ಎಂದುಕೊಂಡನೋ ಏನೋ, ಕೈ ತೆಗೆದ. ತಬಲಾವೂ ನಿಂತಿತು. ಪರದೆಯಲ್ಲಿ ಅಕ್ಕನ ಬಾಯಿ ತೆರೆದಿದೆ, ಸಪ್ಪಳವಿಲ್ಲ.

"ಏ, ಸೌಂಡ್ ಹೋತು," ಎಂದು ಹಿಂದಿನಿಂದ ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಸಿಳ್ಳು, ಕುರ್ಚಿ ಬಡಿಯುವುದು, ಸೌಂಡ್ ಸೌಂಡ್ ಎನ್ನುವುದು. ಆಪರೇಟರ್ ಕಿಂಡಿಯಿಂದ ತಲೆ ಹೊರಗೆ ಹಾಕಿ, "ಎಲ್ಲಾ ಬರೋಬರ್ ಅದ, ಸುಮ್ಮ ಕುಂದ್ರಿ," ಎಂದು ಒದರಿದ. ಯಾರೂ ನಂಬಲಿಲ್ಲ. ಅಕ್ಕನ ದನಿ ನಿಲ್ಲುವುದು ಅವರ ಲೆಕ್ಕದಲ್ಲೇ ಇರಲಿಲ್ಲ. ನಿಂತರೆ ಯಂತ್ರವೇ ನಿಂತಿರಬೇಕು.

ಆಗ ಅಕ್ಕ ಕಣ್ಣು ಕೆಳಗಿಳಿಸಿದರು, ರಂಗದ ಮುಂದಿನ ತಗ್ಗಿಗೆ, ನಾನು ಇರಬೇಕಾದ ಜಾಗಕ್ಕೆ. ಅಲ್ಲಿ ಕ್ಯಾಮರಾ ಇತ್ತು. ಅವರು ನೇರವಾಗಿ ನನ್ನನ್ನೇ ನೋಡಿದರು. ನಲವತ್ತು ವರ್ಷ ಉಸಿರು ಸಾಲದಾಗಲೆಲ್ಲ ಹೀಗೇ ನೋಡಿದ್ದರು, ಹೀಗೇ ನೋಡಿ ಕಾದಿದ್ದರು.

ನಾನು ಕಲ್ಲು ಹಿಡಿದುಕೊಂಡೇ ಎದ್ದು ನಿಂತೆ. "ಬಿಳಿ ನಾಕು," ಎಂದು ಕೂಗಿದೆ. "ಅಕ್ಕಾರ, ಬಿಳಿ ನಾಕು."

ಗಲಾಟೆ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಹೆಂಡತಿ ಶಾಲಿನ ಅಂಚು ಹಿಡಿದು ಜಗ್ಗಿದಳು. ನಾಚಿಕೆಯಾಯಿತು ಎಂದು ಬರೆಯಬೇಕು, ಆದರೆ ಆಗಲಿಲ್ಲ. ಅಲ್ಲಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ ಇನ್ನೊಮ್ಮೆ ಕೂಗಿದೆ.

ಪರದೆಯಲ್ಲಿ ಅಕ್ಕ ಪೇಟಿಯವನ ಕಡೆ ಅಂಗೈ ತೋರಿಸಿದರು, ಇರು ಎನ್ನುವಂತೆ. ಬಗ್ಗಿ ನೆಲದ ಮೇಲಿನ ಕೀಲಿಕೈ ಗೊಂಚಲು ಎತ್ತಿಕೊಂಡರು. ನಾಟಕದಲ್ಲಿ ಅದು ಇಲ್ಲ. ಗೊಂಚಲನ್ನು ಒಮ್ಮೆ ಅಲುಗಿಸಿ, ಕಣ್ಣು ಮುಚ್ಚಿ, ಯಾವ ಪೇಟಿಯ ಆಸರೆಯೂ ಇಲ್ಲದೆ ಕೆಳಗೆ, ಬಹಳ ಕೆಳಗೆ ಒಂದು ಸಾ ಹಿಡಿದರು. ಬಿಳಿ ನಾಲ್ಕು. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ.

ಕೀಲಿಕೈ ಅಲುಗಿಸುತ್ತ, ಅದನ್ನೇ ತಾಳ ಮಾಡಿಕೊಂಡು, ಮೊದಲಿನಿಂದ ಪೂರ್ತಿ ಪದ ಹಾಡಿದರು. ಎಲ್ಲವೂ ಹತ್ತಿತು. ಮುಗಿದಾಗ ಬೆಂಗಳೂರಿನಲ್ಲಿ ಏನಾಯಿತೋ ನಾನು ಗಮನಿಸಲಿಲ್ಲ. ಸೇಡಂನಲ್ಲಿ ಒಬ್ಬರೂ ಒನ್ಸ್ ಮೋರ್ ಎನ್ನಲಿಲ್ಲ. ಹಿಂದಿನ ಮುದುಕರು ಪಟಕದಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

ಗಂಟಲಿಗೆ ರೂಢಿ ಬಿದ್ದಿತ್ತು, ತಾನೇ ಹೋಗಿ ಅಲ್ಲಿ ನಿಂತಿತು, ದೇವರು ಕಾದ. ಚಿತ್ತಾಪುರ ದಾಟಿ ವಾಡಿ ಬರುವ ತನಕ ರೈಲಿನಲ್ಲಿ ಹೆಂಡತಿಗೆ ಇದನ್ನೇ ಹೇಳುತ್ತ ಬಂದೆ. ಅವಳು ಹೂಂ ಎಂದಳು, ಅಷ್ಟೇ. "ಆದದ್ದು ಖರೇ ಖರೇ ಹೇಳಿ ತಪ್ಪಾತಂತ ಅನ್ರಿ. ಅದೇನು ಜೀವ ಹೋಗಂಗಿಲ್ಲ," ಎಂದಳು ಮನೆಯ ಬೀಗ ತೆಗೆಯುತ್ತ. ನಾನೂ ಹಾಗೇ ನಿಶ್ಚಯ ಮಾಡಿದ್ದೆ.

ಮರುದಿನ ಬೆಳಿಗ್ಗೆ ಅಕ್ಕನೇ ಫೋನು ಮಾಡಿದರು. ದನಿ ಒಡೆದಿತ್ತು.

"ಮಾಸ್ತರ, ನೋಡಿದ್ರಿ?"

"ನೋಡಿದೆ ಅಕ್ಕಾರ. ಕೊನೀಗಿ ಭಾಳ ಛಲೋ ಹಾಡಿದ್ರಿ."

"ಕೊನೀಗಿ ಬಿಳಿ ನಾಕಕ್ಕ ಇಳದೆ, ನಿಮ್ಮ ಕಿವಿಗಿ ಬಿದ್ದೇ ಇರ್ತದ."

"ನಿಮಗ ಗೊತ್ತಿತ್ತೇನ್ರಿ?"

ಅವರು ನಕ್ಕರು, ನಗು ಕೆಮ್ಮಾಯಿತು. "ಚಿಂಚೋಳಿ ಕ್ಯಾಂಪಿನಿಂದ ಗೊತ್ತದ. ನಂಗೇನು ಕಿವಿ ಇಲ್ಲೇನ್ರಿ? ನೀವು ಹೇಳಬಾರದಂತ ಇದ್ರಿ, ನಾ ಕೇಳಬಾರದಂತ ಇದ್ದೆ."

"ಮತ್ತ ಫೋನಿನಾಗ ಕರಿ ಐದ ಅಂತ ಯಾಕ ಕೇಳಿದ್ರಿ?"

"ನೀವೇನಂತೀರಿ ನೋಡಬೇಕಂತ. ಇಲ್ರಿ, ಬಿಳಿ ನಾಕು ಅಂತೀರಿ ಅಂತ ಅಂಜಿಕೋತನೇ ಕೇಳಿದ್ದೆ. ನೀವು ಹೌದಂದ್ರಿ. ಆ ದಿನ ಭಾಳ ಖುಷಿ ಆತ್ರಿ ಮಾಸ್ತರ. ನನ್ನ ಗಂಟಲ ನನಗಿಂತ ನಿಮಗ ಗೊತ್ತು. ಇಷ್ಟು ವರ್ಷ ಇಳಿಸಿದವರು ಇವತ್ತ ಏರಸಲಿಕತ್ತಾರ ಅಂದ್ರ, ಮಾಸ್ತರಿಗಿ ನನ್ನ ಮ್ಯಾಲ ಇನ್ನಾ ನಂಬಿಗಿ ಅದ ಅಂತ ತಿಳ್ಕೊಂಡೆ. ಒಂದು ತಿಂಗಳು ಕರಿ ಐದಕ್ಕ ಕುಂತು ತಾಲೀಮು ಮಾಡಿದೆ. ನಿಮ್ಮ ಮಾತು ಉಳಸಲಿಕ್ಕ ಆಗಲಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಹೇಳ್ರಿ ಎಂದು ಕೈಸನ್ನೆ ಮಾಡಿದಳು.

"ನಂಬಿಗಿ ಇಟ್ಟೇ ಹೌದಂದಿದ್ರಿ, ಅಲ್ಲೇನ್ರಿ ಮಾಸ್ತರ?" ಎಂದು ಅಕ್ಕ ಕೇಳಿದರು.

"ಹೌದ್ರಿ ಅಕ್ಕಾರ," ಎಂದೆ.